ಬಚ್ಚಲಲ್ಲಿ ಮಾತ್ರ ಬರುವ ಫಿಟ್ಸ್: ತಪ್ಪು ಎಣ್ಣೆಯದಲ್ಲ, ಗಾಳಿಯದೂ ಅಲ್ಲ

ಪ್ರಶ್ನೆ: ನಮ್ಮದು ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿ. ಮಗನಿಗೆ 11 ವರ್ಷ. ಓದು, ಆಟ ಎರಡರಲ್ಲೂ ಚುರುಕು. ಎಂಟು ತಿಂಗಳ ಹಿಂದೆ ಒಂದು ಭಾನುವಾರ ಎಣ್ಣೆ ಹಚ್ಚಿ ತಲೆಗೆ ನೀರು ಹಾಕುತ್ತಿದ್ದಾಗ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದ. ಎಲ್ಲೋ ನೋಡುತ್ತಾ ಬಾಯಿ ಚಪ್ಪರಿಸಿದ, ಸಂಬಂಧವಿಲ್ಲದ ಏನೋ ಮಾತಾಡಿದ. ಎರಡು ನಿಮಿಷಕ್ಕೆ ಸರಿಹೋದ. ಆಮೇಲೆ ಮೂರು ಸಲ ಹೀಗಾಗಿದೆ. ಕೊನೆಯ ಸಲ ಕೈಕಾಲು ಸೆಟೆದು ಬಿದ್ದು ನಾಲಿಗೆ ಕಚ್ಚಿಕೊಂಡ. ನಾಲ್ಕೂ ಸಲ ಬಚ್ಚಲಲ್ಲೇ. ಎರಡು ವರ್ಷದವನಿದ್ದಾಗ ಜ್ವರ ಏರಿ ಒಮ್ಮೆ ಫಿಟ್ಸ್ ಬಂದಿತ್ತು. ಅತ್ತೆಯವರು ಗಾಳಿ ಸೋಕಿದೆ ಎಂದು ಯಂತ್ರ ಕಟ್ಟಿಸಿದ್ದಾರೆ. ಅಕ್ಕಪಕ್ಕದವರು ಎಣ್ಣೆ ತಲೆಗೇರಿದೆ ಎನ್ನುತ್ತಾರೆ. ಮೈಸೂರಿನಲ್ಲಿ ಸ್ಕ್ಯಾನ್, ಇಇಜಿ ಎರಡೂ ನಾರ್ಮಲ್ ಬಂತು. ಒಬ್ಬ ಡಾಕ್ಟರು ದಿನಾ ಮಾತ್ರೆ ಬರೆದುಕೊಟ್ಟರು. ಇನ್ನೊಬ್ಬರು ಬಿಸಿನೀರು ಬಿಟ್ಟರೆ ಸಾಕು ಎಂದರು. ಮಾತ್ರೆ ತಂದಿಟ್ಟಿದ್ದೇವೆ, ಇನ್ನೂ ಕೊಟ್ಟಿಲ್ಲ. ಹೋದ ತಿಂಗಳು ಕ್ಲಾಸಿನಲ್ಲಿ ಸ್ವಲ್ಪ ಹೊತ್ತು ಮಂಕು ಬಡಿದವನಂತೆ ಕೂತಿದ್ದ ಎಂದು ಮೇಷ್ಟ್ರು ಹೇಳಿದರು, ನಿದ್ದೆ ಸಾಲದಿತ್ತೇನೋ. ಈಚೆಗೆ ನಾನು ಸಾಕು ಎಂದರೂ ಕೇಳದೆ ಚೊಂಬಿನ ಮೇಲೆ ಚೊಂಬು ಸುರಿದುಕೊಳ್ಳುತ್ತಾನೆ. ಹಠ ಎಂದು ಒಂದು ದಿನ ಹೊಡೆದೂಬಿಟ್ಟೆ. ನನ್ನ ನಾದಿನಿಯೂ ಮದುವೆಗೆ ಮುಂಚೆ ಬಚ್ಚಲಲ್ಲಿ ಬೀಳುತ್ತಿದ್ದಳೆಂದು ಈಗ ಗೊತ್ತಾಯಿತು, ಅವಳ ಗಂಡನ ಮನೆಯಲ್ಲಿ ಯಾರಿಗೂ ತಿಳಿದಿಲ್ಲ. ಬಿಸಿನೀರಿಗೆ ಫಿಟ್ಸ್ ಬರುವುದುಂಟೆ? ಜೀವನಪೂರ್ತಿ ಮಾತ್ರೆ ನುಂಗಬೇಕೆ? ಆರು ವರ್ಷದ ಮಗಳಿಗೂ ಬರುತ್ತದೆಯೆ? ದೀಪಾವಳಿಗೆ ಎಣ್ಣೆನೀರು ಹಾಕಬಹುದೆ?

ಉತ್ತರ: ಉಂಟು. ನೀವು ಬರೆದಿರುವುದನ್ನು ಓದಿದರೆ ಇದು ಬಿಸಿನೀರಿನ ಮೂರ್ಛೆ ಎಂದೇ ಅನ್ನಿಸುತ್ತದೆ. ಮಗುವನ್ನು ಕಣ್ಣಾರೆ ನೋಡದೆ ಕೊನೆಯ ಮಾತು ಹೇಳಲಾರೆ. ಆದರೆ ಬಚ್ಚಲು, ಬಿಸಿನೀರು, ತಲೆಸ್ನಾನ, ನೀರು ಬೀಳುತ್ತಿರುವಾಗಲೇ ಮಾತು ನಿಂತು ಬಾಯಿ ಚಪ್ಪರಿಸುವುದು, ಚಿಕ್ಕಂದಿನ ಜ್ವರದ ಫಿಟ್ಸ್, ಮನೆಯಲ್ಲಿ ಇನ್ನೊಬ್ಬರಿಗೆ ಇದ್ದದ್ದು, ಇಷ್ಟೆಲ್ಲ ಒಂದೇ ಪತ್ರದಲ್ಲಿ ಕೂಡಿ ಬಂದಿರುವಾಗ ಬೇರೆ ಕಾಯಿಲೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ಹಳೆ ಮೈಸೂರಿನ ಕಡೆ ಕೆಲಸ ಮಾಡುವ ನರರೋಗ ವೈದ್ಯರಿಗೆ ಇದು ಅಪರೂಪದ ಸಂಗತಿಯಲ್ಲ. ವೈದ್ಯಲೋಕದಲ್ಲಿ ಮೊದಲು ಇದರ ವರದಿಯಾದದ್ದು 1945ರಲ್ಲಿ, ದೂರದ ನ್ಯೂಜಿಲೆಂಡಿನಿಂದ. ಆದರೆ ಇದು ದೊಡ್ಡ ಸಂಖ್ಯೆಯಲ್ಲಿ ಕಂಡದ್ದು ನಮ್ಮಲ್ಲಿ. 1968ರಲ್ಲಿ ಬೆಂಗಳೂರಿನ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಇದನ್ನು ಬರೆದಿಟ್ಟರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಜೊತೆಗಾರರು 279 ರೋಗಿಗಳ ವಿವರ ಪ್ರಕಟಿಸಿದರು. ನಿಮ್ಮ ಊರಿಗೆ ಹೆಚ್ಚು ದೂರವಲ್ಲದ ಯಳಂದೂರಿನಲ್ಲಿ ಮನೆಮನೆಗೆ ಹೋಗಿ ಲೆಕ್ಕ ಹಾಕಿದಾಗ, ಮೂರ್ಛೆರೋಗ ಇರುವ ನೂರು ಜನರಲ್ಲಿ ಸುಮಾರು 7 ಮಂದಿಗೆ ಇದ್ದದ್ದು ಬಿಸಿನೀರಿನ ಮೂರ್ಛೆ. ಹಾಗಾಗಿ ನಿಮ್ಮ ಮನೆಗೆ ಮಾತ್ರ ಏನೋ ವಿಚಿತ್ರ ಬಂದಿದೆ ಎಂದುಕೊಳ್ಳಬೇಡಿ. ನಿಮ್ಮ ಅಕ್ಕಪಕ್ಕದ ಊರಿನಲ್ಲೇ ಇದನ್ನು ಮುಚ್ಚಿಟ್ಟುಕೊಂಡವರು ಇರಬಹುದು.

ಮೊದಲು ಎಣ್ಣೆಯ ವಿಚಾರ. ಎಣ್ಣೆ ತಲೆಬುರುಡೆ ದಾಟಿ ಮಿದುಳಿಗೆ ಇಳಿಯುವುದಿಲ್ಲ. ಹರಳೆಣ್ಣೆಯಾಗಲಿ ಕೊಬ್ಬರಿ ಎಣ್ಣೆಯಾಗಲಿ, ಸೀಗೆಪುಡಿಯಾಗಲಿ ಚಿಗರೆಪುಡಿಯಾಗಲಿ, ಇದಕ್ಕೆ ಕಾರಣವಲ್ಲ. ಆದರೂ ಜನ ಎಣ್ಣೆಯನ್ನೇ ಯಾಕೆ ದೂರುತ್ತಾರೆ? ಎಣ್ಣೆ ಹಚ್ಚಿದ ದಿನವೇ ನಾವು ಅತಿ ಬಿಸಿ ನೀರು ಬಳಸುತ್ತೇವೆ. ಜಿಡ್ಡು ಬಿಡಲೆಂದು ಹಂಡೆಯ ನೀರನ್ನು ಚೆನ್ನಾಗಿ ಕಾಯಿಸಿ, ದೊಡ್ಡ ಚೊಂಬಿನಲ್ಲಿ ಬಿಡುವು ಕೊಡದೆ ನೆತ್ತಿಗೆ ಸುರಿಯುತ್ತೇವೆ. ಎಣ್ಣೆ ಅಲ್ಲಿ ಬರಿಯ ಜೊತೆಗಾರ. ಶಾಂಪೂ ಹಾಕಿ ಅಷ್ಟೇ ಬಿಸಿ ನೀರು ಸುರಿದರೂ ಹೀಗೇ ಆಗುತ್ತದೆ.

ಗಾಳಿ ಸೋಕಿದೆ ಎಂಬ ನಂಬಿಕೆಯ ಹಿಂದೆಯೂ ಕಣ್ಣಿಗೆ ಕಾಣುವ ಒಂದು ಕಾರಣವಿದೆ. ಈ ಮೂರ್ಛೆ ಹೆಚ್ಚಿನವರಲ್ಲಿ ಕೈಕಾಲು ಒದರುವುದರಿಂದ ಶುರುವಾಗುವುದಿಲ್ಲ. ಕಣ್ಣು ನೆಟ್ಟಗಾಗುತ್ತದೆ, ಮುಖದಲ್ಲಿ ಭಯ ಕಾಣುತ್ತದೆ, ಅರ್ಥವಿಲ್ಲದ ಮಾತು ಬರುತ್ತದೆ, ಕೆಲವರಿಗೆ ಇಲ್ಲದ ದನಿ ಕೇಳಿಸುತ್ತದೆ, ಇಲ್ಲದ್ದು ಕಾಣಿಸುತ್ತದೆ. ನೋಡಿದವರು ಹೆದರಿ ಮೈಮೇಲೆ ಏನೋ ಬಂದಿದೆ ಎಂದುಕೊಂಡರೆ ಅವರನ್ನು ಹಳಿಯಲಾರೆ. ಮಿದುಳಿನ ಪಕ್ಕದ ಭಾಗದಲ್ಲಿ, ಕಿವಿಯ ಮೇಲ್ಗಡೆಗೆ ಬರುವ ಕಡೆಯಲ್ಲಿ, ಭಯ, ನೆನಪು, ಕೇಳುವಿಕೆ ಇವುಗಳಿಗೆ ಸಂಬಂಧಿಸಿದ ಜಾಗಗಳಿವೆ. ಅಲ್ಲಿನ ನರಕೋಶಗಳು ಒಟ್ಟಿಗೆ ಅಂಕೆ ಮೀರಿ ವಿದ್ಯುತ್ ಹಾಯಿಸಿದಾಗ ಹೀಗಾಗುತ್ತದೆ. ಆ ಅಲೆ ಇಡೀ ಮಿದುಳಿಗೆ ಹಬ್ಬಿದರೆ ಕೈಕಾಲು ಸೆಟೆಯುತ್ತವೆ, ಕೊನೆಯ ಸಲ ನಿಮ್ಮ ಮಗನಿಗೆ ಆದದ್ದು ಅದೇ. ಅತ್ತೆಯವರು ಕಟ್ಟಿಸಿದ ಯಂತ್ರವನ್ನು ಬಿಚ್ಚಿಸಲು ಮನೆಯಲ್ಲಿ ಜಗಳ ತೆಗೆಯಬೇಡಿ. ಅದರಿಂದ ಮಗುವಿಗೆ ತೊಂದರೆಯಿಲ್ಲ. ಅದನ್ನು ನಂಬಿ ಚಿಕಿತ್ಸೆ ತಡಮಾಡಿದರೆ ತೊಂದರೆ.

ಬಿಸಿನೀರು ಇಷ್ಟೆಲ್ಲ ಮಾಡುವುದು ಹೇಗೆ? ನಮ್ಮ ಮೈಯ ಶಾಖ ಸುಮಾರು 37 ಡಿಗ್ರಿ. ನಮ್ಮ ಕಡೆಯ ರೋಗಿಗಳು ಸ್ನಾನಕ್ಕೆ ಬಳಸುವ ನೀರು ಸಾಮಾನ್ಯವಾಗಿ 40ರಿಂದ 50 ಡಿಗ್ರಿ. ನೆತ್ತಿಗೆ ಅಂಥ ನೀರು ಒಂದೇ ಸಮನೆ ಬಿದ್ದಾಗ ಹೆಚ್ಚಿನವರ ಮಿದುಳು ಶಾಖವನ್ನು ಬೇಗ ಹದಕ್ಕೆ ತಂದುಕೊಳ್ಳುತ್ತದೆ. ಇನ್ನು ಕೆಲವರಲ್ಲಿ, ಹುಟ್ಟಿನಿಂದಲೇ ಬಂದ ಗುಣದಿಂದ, ಆ ಹದ ತಪ್ಪುತ್ತದೆ ಎಂಬುದು ಇವತ್ತಿನ ತಿಳಿವಳಿಕೆ. ಚಿಕ್ಕಂದಿನಲ್ಲಿ ಜ್ವರ ಏರಿದಾಗ ಫಿಟ್ಸ್ ಬಂದ ಮಕ್ಕಳಲ್ಲಿ ಕೆಲವರು ಮುಂದೆ ಬಿಸಿನೀರಿಗೆ ಮೂರ್ಛೆ ಹೋಗುವುದು ಇದೇ ಕಾರಣಕ್ಕೆ ಇರಬೇಕು. ಎರಡೂ ಕಡೆ ಮಿದುಳು ತಾಳಲಾರದ್ದು ಶಾಖವನ್ನು. ಹಾಗಾದರೆ ನಮ್ಮ ಸೀಮೆಯಲ್ಲೇ ಯಾಕೆ ಹೆಚ್ಚು? ಬಿಸಿನೀರಿನ ಸ್ನಾನ ಎಲ್ಲ ಕಡೆಯೂ ಇದೆ. ಆದರೆ ಚೊಂಬಿನಿಂದ ನೆತ್ತಿಯ ಮೇಲೆ ಸುರಿಯುವ ರೂಢಿ, ಮತ್ತು ಕೆಲವು ಮನೆತನಗಳಲ್ಲಿ ಹರಿದುಬಂದ ಗುಣ, ಎರಡೂ ಇಲ್ಲಿ ಕೂಡಿವೆ.

ನಿಮ್ಹಾನ್ಸ್‌ನಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗವೊಂದನ್ನು ನಾನು ಎಲ್ಲ ತಂದೆತಾಯಿಯರಿಗೂ ಹೇಳುತ್ತೇನೆ. ಬಿಸಿನೀರಿನಿಂದ ಮತ್ತೆ ಮತ್ತೆ ಮೂರ್ಛೆ ಬರಿಸಿದಾಗ, ಬರಬರುತ್ತಾ ಇಲಿಗಳಿಗೆ ಮೂರ್ಛೆ ಸುಲಭವಾಗಿ ಬರತೊಡಗಿತು, ಹೆಚ್ಚು ಹೊತ್ತು ಉಳಿಯತೊಡಗಿತು. ಕಾಡಿನಲ್ಲಿ ನಡೆದೂ ನಡೆದೂ ಕಾಲುದಾರಿ ಬೀಳುವ ಹಾಗೆ. ಅದಕ್ಕೇ "ತಿಂಗಳಿಗೊಂದು ಸಲ ತಾನೇ, ಬಂದು ಹೋಗುತ್ತದೆ ಬಿಡಿ" ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಇನ್ನು ನಿಮ್ಮನ್ನು ಹೆಚ್ಚು ನೋಯಿಸಿರುವ ಸಂಗತಿಗೆ ಬರುತ್ತೇನೆ. ಸಾಕು ಎಂದರೂ ಕೇಳದೆ ಸುರಿದುಕೊಳ್ಳುತ್ತಾನೆ ಎಂದಿರಿ. ತಾಯಿ, ಅದು ಹಠವಲ್ಲ. ಈ ಮೂರ್ಛೆ ಇರುವವರಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರಿಗೆ ಮೂರ್ಛೆ ಶುರುವಾಗುವ ಹೊತ್ತಿಗೆ ಏನೋ ಒಂದು ಹಿತ, ಒಂದು ಸೆಳೆತ ಆಗುತ್ತದೆ. ಅದರ ಸುಳಿಗೆ ಸಿಕ್ಕವರು ಇನ್ನೂ ಬಿಸಿ, ಇನ್ನೂ ಬೇಗ ಸುರಿದುಕೊಳ್ಳುತ್ತಾ ಹೋಗಿ ಎಚ್ಚರ ತಪ್ಪುತ್ತಾರೆ. ಮತ್ತೆ ಕೆಲವರಲ್ಲಿ ಮೂರ್ಛೆ ಆಗಲೇ ಹಿಡಿದಿರುತ್ತದೆ, ಕೈ ಮಾತ್ರ ತನ್ನಷ್ಟಕ್ಕೆ ಚೊಂಬು ಎತ್ತಿ ಸುರಿಯುತ್ತಿರುತ್ತದೆ. ಆಗ ನೀವು ಕೂಗಿದರೂ ಅವನಿಗೆ ಕೇಳಿಸುವುದಿಲ್ಲ. ದೊಡ್ಡವರಾದ ಮೇಲೂ ಇದನ್ನು ಹೇಳಿಕೊಳ್ಳಲು ನಾಚಿ ವರ್ಷಗಟ್ಟಲೆ ಬಚ್ಚಿಟ್ಟವರನ್ನು ಕಂಡಿದ್ದೇನೆ. ಮಗನನ್ನು ಹತ್ತಿರ ಕೂರಿಸಿಕೊಂಡು ಕೇಳಿ: "ನೀರು ಹಾಕಿಕೊಳ್ಳುವಾಗ ನಿನಗೆ ಏನನ್ನಿಸುತ್ತದೆ? ನಿಲ್ಲಿಸಬೇಕು ಅನ್ನಿಸುವುದಿಲ್ಲವಾ?" ಬೈಯುವುದಿಲ್ಲ ಎಂದು ಗೊತ್ತಾದರೆ ಹೇಳುತ್ತಾನೆ. ಅವನ ಉತ್ತರವನ್ನು ಡಾಕ್ಟರಿಗೆ ತಿಳಿಸಿ, ಚಿಕಿತ್ಸೆ ಯಾವುದೆಂದು ಗೊತ್ತುಮಾಡಲು ಅದು ಬೇಕೇಬೇಕು. ಹೊಡೆದದ್ದಕ್ಕೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಆಗ ನಿಮಗೆ ಗೊತ್ತಿರಲಿಲ್ಲ.

ಸ್ಕ್ಯಾನ್, ಇಇಜಿ ನಾರ್ಮಲ್ ಬಂದದ್ದರಿಂದ ಕಾಯಿಲೆ ಇಲ್ಲ ಎಂದಾಗುವುದಿಲ್ಲ. ಇಇಜಿ ಎಂದರೆ ಮಿದುಳಿನ ವಿದ್ಯುತ್ ಅಲೆಗಳ ದಾಖಲೆ. ಮೂರ್ಛೆ ಇಲ್ಲದ ಹೊತ್ತಿನಲ್ಲಿ ತೆಗೆದ ಇಇಜಿಯಲ್ಲಿ ಏರುಪೇರು ಕಾಣುವುದು ಇಂಥವರಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚಲ್ಲ. ಸ್ಕ್ಯಾನ್ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಈ ಕಾಯಿಲೆಯನ್ನು ಗೊತ್ತುಮಾಡುವುದು ನೋಡಿದವರ ಬಾಯಿಮಾತಿನಿಂದ. ಮತ್ತೆ ಮತ್ತೆ ಸ್ಕ್ಯಾನಿಗೆ ದುಡ್ಡು ಸುರಿಯಬೇಡಿ.

ಆದರೆ ಬಚ್ಚಲಲ್ಲಿ ಬಿದ್ದವರೆಲ್ಲ ಬಿಸಿನೀರಿನ ಮೂರ್ಛೆಯವರಲ್ಲ. ಬಿಸಿನೀರಿಗೆ ರಕ್ತನಾಳ ಹಿಗ್ಗಿ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬಂದು ಕುಸಿಯುವವರಿದ್ದಾರೆ. ಅವರು ಬೆವರುತ್ತಾರೆ, ಬಿಳಿಚಿಕೊಳ್ಳುತ್ತಾರೆ, ಮಲಗಿಸಿದ ಕೂಡಲೇ ಎಚ್ಚರಾಗುತ್ತಾರೆ. ಹೃದಯದ ಬಡಿತದ ತೊಂದರೆಯಿಂದ ಬೀಳುವ ಮಕ್ಕಳೂ ಇದ್ದಾರೆ, ಹಾಗಾಗಿ ಇಸಿಜಿ ಒಂದನ್ನು ತೆಗೆಸಿರದಿದ್ದರೆ ತೆಗೆಸಿ, ಖರ್ಚು ಕಡಿಮೆ. ಮೂರನೆಯದು ನನ್ನನ್ನು ತುಂಬ ಕಾಡುವುದು: ಕಿಟಕಿಯಿಲ್ಲದ ಬಚ್ಚಲೊಳಗೆ ಗ್ಯಾಸ್ ಗೀಸರ್. ಗಾಳಿ ಸಾಲದೆ ಗ್ಯಾಸು ಉರಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಒಳಗಿದ್ದವರು ಎಚ್ಚರ ತಪ್ಪುತ್ತಾರೆ, ಫಿಟ್ಸ್ ಕೂಡ ಬರಬಹುದು, ಪ್ರಾಣವೂ ಹೋಗಬಹುದು. ಮೂರ್ಛೆರೋಗವೆಂದು ತಿಳಿದು ಮಾತ್ರೆ ಕೊಟ್ಟರೆ ಅಲ್ಲಿ ಏನೂ ಪ್ರಯೋಜನವಿಲ್ಲ, ಗೀಸರನ್ನೇ ಹೊರಗೆ ಹಾಕಿಸಬೇಕು. ನಿಮ್ಮ ಮನೆಯಲ್ಲಿ ನೀರು ಹೇಗೆ ಕಾಯುತ್ತದೆ ಎಂದು ನೀವು ಬರೆದಿಲ್ಲ. ಸೌದೆಯ ಒಲೆ ಬಚ್ಚಲೊಳಗೇ ಇದ್ದರೂ ಇದೇ ಅಪಾಯ. ನೀರು ಕಾಯಿಸಿ, ಬೆಂಕಿ ಆರಿಸಿ, ಹೊಗೆ ಹೋದ ಮೇಲೆ ಮಗುವನ್ನು ಕರೆಯಿರಿ.

ಈಗ ಮಾತ್ರೆಯ ಪ್ರಶ್ನೆ. ಇಬ್ಬರು ಡಾಕ್ಟರು ಎರಡು ರೀತಿ ಹೇಳಿದ್ದರಿಂದ ನಿಮಗೆ ಗೊಂದಲವಾಗಿದೆ. ಇಬ್ಬರ ಮಾತಿಗೂ ಆಧಾರವಿದೆ. ಯಾವುದು ನಿಮ್ಮ ಮಗನಿಗೆ ಎಂಬುದು ಪತ್ರದ ನಡುವೆ ನೀವು ಸುಮ್ಮನೆ ಹೇಳಿ ದಾಟಿದ ಒಂದು ಮಾತಿನ ಮೇಲೆ ನಿಂತಿದೆ: ಹೋದ ತಿಂಗಳು ಕ್ಲಾಸಿನಲ್ಲಿ ಮಂಕು ಬಡಿದವನಂತೆ ಕೂತಿದ್ದ.

ಮೂರ್ಛೆ ಬಚ್ಚಲಲ್ಲಿ ಮಾತ್ರ ಬರುವುದಾದರೆ ಸ್ನಾನದ ಕ್ರಮ ಬದಲಿಸುವುದೇ ಮೊದಲ ಚಿಕಿತ್ಸೆ. ಎಷ್ಟೋ ಮಕ್ಕಳಿಗೆ ಅಷ್ಟೇ ಸಾಕಾಗಿದೆ. ಆದರೆ ಈ ಕಾಯಿಲೆ ಇರುವವರಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಮಂದಿಗೆ ಮುಂದೆ ನೀರಿನ ಸಂಬಂಧವಿಲ್ಲದೆಯೂ ಮೂರ್ಛೆ ಬರತೊಡಗುತ್ತದೆ. ಕ್ಲಾಸಿನಲ್ಲಿ ಆದದ್ದು ಅದೇ ಆಗಿದ್ದರೆ ತಣ್ಣೀರಿನ ಸ್ನಾನ ಅವನನ್ನು ಕಾಯುವುದಿಲ್ಲ, ದಿನಾ ಮಾತ್ರೆ ಬೇಕು. ಬರಿಯ ತೂಕಡಿಕೆಯಾಗಿದ್ದರೆ ಬೇಡ. ಆದ್ದರಿಂದ ನಾಳೆಯೇ ಶಾಲೆಗೆ ಹೋಗಿ ಮೇಷ್ಟ್ರನ್ನು ಕೇಳಿ. ಹೆಸರು ಹಿಡಿದು ಕರೆದಾಗ ತಿರುಗಿ ನೋಡಿದನೆ? ಕಣ್ಣು ತೆರೆದಿತ್ತೆ? ಬಾಯಿ ಚಪ್ಪರಿಸಿದನೆ, ಬಟ್ಟೆ ಎಳೆದಾಡಿದನೆ? ಎಷ್ಟು ಹೊತ್ತು? ಆಮೇಲೆ ಅದು ಅವನಿಗೆ ನೆನಪಿತ್ತೆ? ತೂಕಡಿಸುವ ಹುಡುಗ ಭುಜ ಮುಟ್ಟಿದರೆ ಎಚ್ಚರಾಗುತ್ತಾನೆ. ಮೂರ್ಛೆಯಲ್ಲಿರುವವನು ಆಗುವುದಿಲ್ಲ, ಮುಗಿದ ಮೇಲೂ ಸ್ವಲ್ಪ ಹೊತ್ತು ಗೊಂದಲದಲ್ಲಿರುತ್ತಾನೆ. ಈ ಉತ್ತರಗಳನ್ನು ಬರೆದುಕೊಂಡು ಮಾತ್ರೆ ಬರೆದ ಡಾಕ್ಟರ ಬಳಿಗೇ ಮತ್ತೆ ಹೋಗಿ. ಕ್ಲಾಸಿನ ವಿಷಯವನ್ನು ಅವರಿಗೆ ಹೇಳಿದ್ದಿರೋ ಇಲ್ಲವೋ, ಈ ಸಲ ಮೊದಲು ಅದನ್ನೇ ಹೇಳಿ.

ಎರಡರ ನಡುವೆ ಇನ್ನೊಂದು ದಾರಿಯೂ ಇದೆ. ಸ್ನಾನದ ಕ್ರಮ ಬದಲಿಸಿಯೂ ಬಚ್ಚಲಲ್ಲಿ ಮೂರ್ಛೆ ನಿಲ್ಲದಿದ್ದರೆ, ಅಥವಾ ಆ ಸೆಳೆತದಿಂದ ಹುಡುಗನಿಗೆ ಬಿಡಿಸಿಕೊಳ್ಳಲು ಆಗದಿದ್ದರೆ, ತಲೆಸ್ನಾನದ ದಿನ ಮಾತ್ರ, ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಕ್ಲೊಬಜಾಮ್ ಮಾತ್ರೆ ಕೊಡುವುದು ನಮ್ಮಲ್ಲಿ ಬಹಳ ವರ್ಷಗಳಿಂದ ನಡೆದುಬಂದಿದೆ. ಸಾಮಾನ್ಯವಾಗಿ 5ರಿಂದ 10 ಮಿಲಿಗ್ರಾಂ. ಮಗುವಿನ ತೂಕ ನೋಡಿ ಡಾಕ್ಟರೇ ಹೇಳಬೇಕು, ಪಕ್ಕದ ಮನೆಯವರ ಮಾತ್ರೆ ತಂದು ಕೊಡಬಾರದು. ಇದರಿಂದ ನಿದ್ದೆ ಬರುತ್ತದೆ, ಸ್ವಲ್ಪ ತೂರಾಡಬಹುದು. ಹಾಗಾಗಿ ಶಾಲೆಯ ದಿನದ ಬೆಳಿಗ್ಗೆ ಬೇಡ, ರಜೆಯ ದಿನ ಇಟ್ಟುಕೊಳ್ಳಿ. ದಿನಾ ನುಂಗಿದರೆ ದೇಹ ಅದಕ್ಕೆ ಒಗ್ಗಿಕೊಂಡು ಫಲ ಕುಗ್ಗುವುದುಂಟು. ಆಗಾಗ ಕೊಡುವುದರಲ್ಲಿ ಆ ಚಿಂತೆ ಕಡಿಮೆ.

ದಿನಾ ಕೊಡುವ ಮಾತ್ರೆಗಳ ವಿಷಯವನ್ನೂ ಮುಚ್ಚಿಡದೆ ಹೇಳುತ್ತೇನೆ. ಅವು ಮಿದುಳನ್ನು ಮಂಕು ಮಾಡುತ್ತವೆ ಎಂಬ ಭಯ ಎಲ್ಲ ಮನೆಯಲ್ಲೂ ಇದೆ. ಮೊದಲ ಕೆಲವು ವಾರ ಮಂಪರು ಇರಬಹುದು, ಪ್ರಮಾಣ ಹೊಂದಿಸಿದರೆ ಹೆಚ್ಚಿನ ಮಕ್ಕಳಿಗೆ ಸರಿಹೋಗುತ್ತದೆ. ನಾನು ಹೆದರುವುದು ಚರ್ಮಕ್ಕೆ. ಕಾರ್ಬಮಜೆಪಿನ್‌ನಂಥ ಕೆಲವು ಮಾತ್ರೆ ಶುರು ಮಾಡಿದ ಮೊದಲ ಕೆಲವು ವಾರಗಳಲ್ಲಿ ಮೈಮೇಲೆ ಕೆಂಪು ಗಂಧೆ, ಬಾಯಿಹುಣ್ಣು, ಜ್ವರ ಕಂಡರೆ ಮುಂದಿನ ಹೊತ್ತಿನ ಮಾತ್ರೆ ಕೊಡದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇದೊಂದನ್ನು ಬಿಟ್ಟರೆ, ಶುರು ಮಾಡಿದ ಮಾತ್ರೆಯನ್ನು ನೀವಾಗಿ ಥಟ್ಟನೆ ನಿಲ್ಲಿಸಬಾರದು. ಹಾಗೆ ನಿಲ್ಲಿಸಿ, ಒಂದರ ಹಿಂದೆ ಒಂದು ಮೂರ್ಛೆ ಬಂದು ತುರ್ತು ಘಟಕಕ್ಕೆ ಬಂದ ಮಕ್ಕಳನ್ನು ನೋಡಿದ್ದೇನೆ. ಜೀವನಪೂರ್ತಿಯೇ ಎಂದು ಕೇಳಿದ್ದೀರಿ. ಸಾಮಾನ್ಯವಾಗಿ ಅಲ್ಲ. ಎರಡು ಮೂರು ವರ್ಷ ಮೂರ್ಛೆ ಬರದಿದ್ದರೆ ನಿಧಾನವಾಗಿ ಇಳಿಸಿ ನಿಲ್ಲಿಸಲು ನೋಡುತ್ತೇವೆ. ಮಾತ್ರೆ ನಿಂತರೂ ಕುದಿಯುವ ನೀರಿಗೆ ಮರಳುವಂತಿಲ್ಲ.

ಸ್ನಾನ ಹೇಗೆ ಮಾಡಿಸಬೇಕು? ತಣ್ಣೀರೇ ಆಗಬೇಕೆಂದಿಲ್ಲ. ನಿಮ್ಮ ಮೊಣಕೈ ಅದ್ದಿದರೆ ಬಿಸಿ ಎನ್ನಿಸಬಾರದು, ಬೆಚ್ಚಗೆ ಎನ್ನಿಸಬೇಕು, ಅಷ್ಟು ಹದ. ಹದ ಮಾಡಿದ ನೀರನ್ನು ಬಕೆಟಿಗೆ ತುಂಬಿಕೊಡಿ, ಹಂಡೆಯಿಂದ ಮತ್ತೆ ಬಿಸಿ ಸೇರಿಸಿಕೊಳ್ಳಲು ಅವನಿಗೆ ಬಿಡಬೇಡಿ. ಮೊದಲು ಕಾಲು, ಆಮೇಲೆ ಮೈ. ನೆತ್ತಿಗೆ ಕೊನೆಯಲ್ಲಿ, ಸಣ್ಣ ಲೋಟದಲ್ಲಿ, ನಡುನಡುವೆ ನಿಲ್ಲಿಸಿ. ಇಲ್ಲವೇ ಒದ್ದೆ ಟವೆಲ್ಲಿನಿಂದ ತಲೆ ಒರೆಸಿದರೂ ಆದೀತು. ಮೈಗೆ ಮಾತ್ರ ನೀರು ಹಾಕಿಕೊಂಡರೆ ಹೆಚ್ಚಿನವರಿಗೆ ಮೂರ್ಛೆ ಬರುವುದಿಲ್ಲ, ಆದ್ದರಿಂದ ದಿನದ ಸ್ನಾನಕ್ಕೆ ಹೆದರಬೇಡಿ. ಬಚ್ಚಲಿಗೆ ಚಿಲಕ ಬೇಡ, ಬಾಗಿಲು ಒರಗಿಸಿದ್ದರೆ ಸಾಕು, ಹೊರಗೆ ಒಬ್ಬರು ಮಾತಾಡಿಸುತ್ತಿರಲಿ. ಈ ಕಾಯಿಲೆಯಲ್ಲಿ ನಾನು ನೋಡಿದ ದೊಡ್ಡ ಅನಾಹುತಗಳು ಮೂರ್ಛೆಯಿಂದ ಆದವಲ್ಲ. ಕುದಿವ ಹಂಡೆಗೆ ಬಿದ್ದು, ಒಲೆಯ ಬೆಂಕಿಗೆ ಕೈ ಹೋಗಿ, ಕಲ್ಲಿಗೆ ತಲೆ ಬಡಿದು ಆದವು. ಕೆರೆ, ಕಾಲುವೆ, ಕಪಿಲಾ ಹೊಳೆಗೆ ಈಜಲು ಒಬ್ಬನನ್ನೇ ಕಳಿಸಬೇಡಿ, ಅಲ್ಲಿ ನೀರು ತಣ್ಣಗಿದ್ದರೂ.

ಮೂರ್ಛೆ ಬಂದೇಬಿಟ್ಟರೆ ನೀರು ನಿಲ್ಲಿಸಿ, ಬಿಸಿ ಪಾತ್ರೆಯಿಂದ ದೂರ ಎಳೆದು, ಒಂದು ಮಗ್ಗುಲಿಗೆ ಮಲಗಿಸಿ. ಗಡಿಯಾರ ನೋಡಿ. ಬಾಯಿಗೆ ಚಮಚ, ಬೆರಳು, ನೀರು ಏನನ್ನೂ ಹಾಕಬೇಡಿ. ಕೈಗೆ ಬೀಗದಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ಬೇಡ. ಮೂರ್ಛೆ ತಾನಾಗಿ ನಿಲ್ಲುವ ಹೊತ್ತಿಗೆ ಕೀಲಿ ಕೈಯಲ್ಲಿರುತ್ತದೆ, ಹೆಸರು ಅದಕ್ಕೆ ಬರುತ್ತದೆ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರಾಗುವ ಮೊದಲೇ ಇನ್ನೊಂದು ಬಂದರೆ 108ಕ್ಕೆ ಕರೆ ಮಾಡಿ. ಸಾಧ್ಯವಾದರೆ ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೋ ತೆಗೆಯಲಿ, ಹತ್ತು ಪರೀಕ್ಷೆ ಹೇಳದ್ದನ್ನು ಅದು ನಮಗೆ ಹೇಳುತ್ತದೆ.

ಮಗಳ ವಿಷಯ: ಈ ಕಾಯಿಲೆ ಇರುವ ನೂರು ಜನರಲ್ಲಿ 7ರಿಂದ 22 ಮಂದಿಯ ಮನೆಯಲ್ಲಿ ಇನ್ನೊಬ್ಬರಿಗೂ ಇದ್ದದ್ದು ಬೇರೆ ಬೇರೆ ಅಧ್ಯಯನಗಳಲ್ಲಿ ಕಂಡಿದೆ. ಕರ್ನಾಟಕದ ಇಂಥ ಕುಟುಂಬಗಳಲ್ಲಿ ಹುಟ್ಟುಗುಣಗಳನ್ನು ಹೊತ್ತಿರುವ ವರ್ಣತಂತುಗಳಲ್ಲಿ (ಕ್ರೋಮೋಸೋಮ್) 10ನೇ ಮತ್ತು 4ನೆಯದರ ಕೆಲವು ಭಾಗಗಳಿಗೂ ಈ ಕಾಯಿಲೆಗೂ ನಂಟು ಕಂಡುಬಂದಿದೆ. ಅಂದಮಾತ್ರಕ್ಕೆ ಮಗಳಿಗೆ ಬಂದೇ ಬರುತ್ತದೆ ಎಂದಲ್ಲ. ಹುಡುಗಿಯರಲ್ಲಿ ಇದು ಹುಡುಗರಿಗಿಂತ ಕಡಿಮೆ. ಅವಳಿಗೆ ಯಾವ ಪರೀಕ್ಷೆಯೂ ಬೇಡ, ಮಾತ್ರೆಯೂ ಬೇಡ. ಅಣ್ಣನ ಬಕೆಟಿನ ಹದದ ನೀರೇ ಅವಳಿಗೂ ಇರಲಿ.

ದೀಪಾವಳಿಗೆ ಎಣ್ಣೆ ಹಚ್ಚಿ, ಧಾರಾಳವಾಗಿ ಹಚ್ಚಿ. ಹಂಡೆ ತೊಳೆದು ನೀರು ತುಂಬಿ ಪೂಜೆ ಮಾಡಿ. ಅವನ ಪಾಲಿನ ನೀರನ್ನು ಮಾತ್ರ ಮೊದಲೇ ಹದ ಮಾಡಿ ಬೇರೆ ಇಡಿ. ಆ ದಿನ ನೆಂಟರು ಪ್ರೀತಿಯಿಂದ "ನಾನೆರೆಯುತ್ತೇನೆ ಬಾ" ಎಂದು ಬರುತ್ತಾರೆ, ಅವರಿಗೂ ವಿಷಯ ತಿಳಿದಿರಲಿ.

ಕೊನೆಗೆ ನಿಮ್ಮ ನಾದಿನಿ. ಮದುವೆಗೆ ಮುಂಚೆ ಬೀಳುತ್ತಿದ್ದವರು ಈಗ ಬೀಳುತ್ತಿಲ್ಲ ಎಂದು ನಿಮಗೆ ಹೇಗೆ ಗೊತ್ತು? ಗಂಡನ ಮನೆಯಲ್ಲಿ ಒಬ್ಬರೇ ಚಿಲಕ ಹಾಕಿಕೊಂಡು ಸ್ನಾನ ಮಾಡುವ ಹೆಂಗಸಿಗೆ ಎರಡು ನಿಮಿಷ ಎಚ್ಚರ ತಪ್ಪಿದರೆ ಹೊರಗಿನವರಿಗೆ ತಿಳಿಯುವುದಿಲ್ಲ. ಮದುವೆ ಮುರಿದೀತು ಎಂಬ ಭಯವಿದ್ದರೆ ಒಂದು ಮಾತು: ಮೂರ್ಛೆರೋಗವನ್ನು ಮದುವೆಗೆ ಅಡ್ಡಿಯೆಂದು ಹೇಳುತ್ತಿದ್ದ ಸಾಲನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆದುಹಾಕಿದ್ದಾರೆ. ಮನೆಯವರಿಗೆ ಹೇಳುವುದೋ ಬಿಡುವುದೋ ಅವರೇ ತೀರ್ಮಾನಿಸಲಿ. ನೀವು ಇವತ್ತೇ ಒಂದು ಫೋನ್ ಮಾಡಿ. ಮೊದಲು ಚಿಲಕದ ವಿಷಯ ಹೇಳಿ, ಆಮೇಲೆ ನೀರಿನ ಹದದ ವಿಷಯ. ಮಗನನ್ನು ಡಾಕ್ಟರಿಗೆ ತೋರಿಸಲು ಹೋಗುವ ದಿನ ಜೊತೆಗೆ ಅವರನ್ನೂ ಬರಹೇಳಿ.